ಎತ್ತರಿಸಿದ ಜಿಪ್ಸಿಗೆ ಶಾಫ್ಟ್ ಬದಲಿಸುವ ಮುನ್ನ

ಹಳೆಯ ಜಿಪ್ಸಿ ಕೊಂಡವರು ಮೊದಲ ವರ್ಷ ಅದನ್ನು ಇನ್ನಷ್ಟು ಎತ್ತರ ಮಾಡಿಸುತ್ತಾರೆ. ಎರಡನೇ ವರ್ಷ ಪ್ರೊಪೆಲ್ಲರ್ ಶಾಫ್ಟಿಗೆ ಕ್ರಾಸ್ ಹಾಕಿಸುತ್ತಾರೆ. ಮೂರನೇ ವರ್ಷವೂ ಕ್ರಾಸ್ ಹಾಕಿಸುತ್ತಾರೆ. ನಾಲ್ಕನೇ ವರ್ಷ ‘ಮಾರಾಟಕ್ಕಿದೆ’ ಎಂದು ಜಾಹೀರಾತು ಕೊಡುತ್ತಾರೆ. ಮಳೆಗಾಲದಲ್ಲಿ ಪುಣೆಯಿಂದ ಮುಳಶಿ, ತಾಮ್ಹಿಣಿ, ಲೋಣಾವಳದ ಕಡೆ ಕೆಸರು ತುಳಿಯಲು ಹೋಗುವ ಗಾಡಿಗಳ ನಡುವೆ ಕೆಲವು ವರ್ಷ ಓಡಾಡಿದವರಿಗೆ ಈ ಕ್ರಮ ಚೆನ್ನಾಗಿ ಗೊತ್ತು.

ಶಾಫ್ಟ್ ಬದಲಿಸುವುದು ದೊಡ್ಡ ವಿದ್ಯೆಯೇನಲ್ಲ. ಎರಡು ತುದಿಗೂ ನಾಲ್ಕು ನಾಲ್ಕು ಬೋಲ್ಟು. ಸಾಮಾನು ಸರಿಯಿದ್ದರೆ ಮನೆಯಂಗಳದಲ್ಲೇ ಮುಗಿಯುವ ಒಂದು ಮಧ್ಯಾಹ್ನದ ಕೆಲಸ. ಆದರೆ ಎತ್ತರಿಸಿದ ಗಾಡಿಯಲ್ಲಿ ಶಾಫ್ಟನ್ನು ತಿನ್ನುವ ಕಾಯಿಲೆ ಶಾಫ್ಟಿನೊಳಗೆ ಇರುವುದು ಕಡಿಮೆ. ಅದು ಶಾಫ್ಟ್ ನಿಂತಿರುವ ಕೋನದಲ್ಲಿರುತ್ತದೆ. ಕೋನ ಅಳೆಯದೆ ಹೊಸ ಶಾಫ್ಟ್ ಹಾಕಿದರೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಹೆದ್ದಾರಿಯಲ್ಲಿ, ಮನೆಮಂದಿಯನ್ನು ಕೂರಿಸಿಕೊಂಡು ಹೋಗುವಾಗ ಅದು ಕಳಚಿಬಿದ್ದರೆ ನಷ್ಟ ಬರೀ ದುಡ್ಡಿನದಾಗಿರುವುದಿಲ್ಲ.

ಗಾಡಿಯ ಕೆಳಗೆ ಏನಿದೆ

ಮಾರುತಿ ಜಿಪ್ಸಿ 1985ರಲ್ಲಿ ಬಂದ ಗಾಡಿ. 1996ರಲ್ಲಿ 1.3 ಲೀಟರ್ ಎಂಜಿನ್‌ನ ಜಿಪ್ಸಿ ಕಿಂಗ್ ಬಂತು. ಸೇನೆ, ಪೊಲೀಸ್, ಅರಣ್ಯ ಇಲಾಖೆ, ರಣಥಂಬೋರ್ ಮತ್ತು ತಾಡೋಬಾದ ಸಫಾರಿಗಳು, ಹೀಗೆ ಎಲ್ಲ ಕಡೆ ದುಡಿದ ಈ ಗಾಡಿಯ ತಳಪಾಯ ಕೊನೆಯವರೆಗೂ ಹೆಚ್ಚು ಬದಲಾಗಲಿಲ್ಲ. ಏಣಿಯಂಥ ಚಾಸಿ, ಹಿಂದೆ ಮುಂದೆ ಗಟ್ಟಿ ಆಕ್ಸಲ್, ನಾಲ್ಕೂ ಮೂಲೆಗೆ ಪಟ್ಟಾ ಸ್ಪ್ರಿಂಗ್. ಗೇರ್‌ಬಾಕ್ಸಿಗೆ ಅಂಟಿಕೊಳ್ಳದೆ, ಅದರ ಹಿಂದೆ ಪ್ರತ್ಯೇಕವಾಗಿ ಕೂತ ಟ್ರಾನ್ಸ್‌ಫರ್ ಕೇಸ್. ಹೀಗಾಗಿ ಜಿಪ್ಸಿಯಲ್ಲಿ ಒಟ್ಟು ಮೂರು ಶಾಫ್ಟು: ಗೇರ್‌ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಒಂದು ಗಿಡ್ಡದು, ಅಲ್ಲಿಂದ ಮುಂದಿನ ಹೌಸಿಂಗಿಗೆ ಒಂದು, ಹಿಂದಿನ ಹೌಸಿಂಗಿಗೆ ಇನ್ನೊಂದು.

ಗಾಡಿ ಎತ್ತರಿಸಿದಾಗ ಗಿಡ್ಡದಕ್ಕೆ ಏನೂ ಆಗುವುದಿಲ್ಲ. ಅದರ ಎರಡೂ ತುದಿ ಚಾಸಿಯ ಜೊತೆಗೇ ಮೇಲೇರುತ್ತವೆ. ಪೆಟ್ಟು ಬೀಳುವುದು ಉಳಿದೆರಡಕ್ಕೆ. ಅವುಗಳ ಒಂದು ತುದಿ ಚಾಸಿಯಲ್ಲಿ, ಇನ್ನೊಂದು ತುದಿ ಆಕ್ಸಲಿನಲ್ಲಿ. ಗಾಡಿ ಹಳ್ಳ ದಾಟಿದಾಗಲೆಲ್ಲ ಶಾಫ್ಟ್ ಬಾಗಬೇಕು, ಉದ್ದವೂ ಹೆಚ್ಚುಕಡಿಮೆ ಆಗಬೇಕು. ಬಾಗುವುದಕ್ಕೆ ಎರಡು ತುದಿಗೂ ಕ್ರಾಸ್ ಇದೆ. ಉದ್ದ ಹೊಂದಿಸಿಕೊಳ್ಳಲು ಒಂದರೊಳಗೊಂದು ಜಾರುವ ಹಲ್ಲಿನ ಸ್ಪ್ಲೈನ್ ಇದೆ.

ಎತ್ತರಿಸುವುದರಲ್ಲೂ ಬಗೆಗಳಿವೆ

ಎಲ್ಲ ಎತ್ತರವೂ ಶಾಫ್ಟಿಗೆ ಕೆಡುಕಲ್ಲ. ದೊಡ್ಡ ಟೈರ್ ಹಾಕಿದರೆ ಇಡೀ ಗಾಡಿ ಮೇಲೇರುತ್ತದೆ, ಶಾಫ್ಟಿನ ಕೋನ ಇದ್ದಲ್ಲೇ ಇರುತ್ತದೆ. ಚಾಸಿ ಮತ್ತು ಬಾಡಿಯ ನಡುವೆ ಗಟ್ಟಿ ಇಟ್ಟು ಬಾಡಿಯನ್ನಷ್ಟೇ ಎತ್ತಿದರೂ ಹಾಗೇ. ಕೋನ ಬದಲಾಗುವುದು ಚಾಸಿ ಮತ್ತು ಆಕ್ಸಲಿನ ನಡುವಿನ ಅಂತರ ಹೆಚ್ಚಿದಾಗ: ಹೆಚ್ಚು ಕಮಾನಿನ ಪಟ್ಟಾ ಹಾಕಿದಾಗ, ಉದ್ದನೆಯ ಶ್ಯಾಕಲ್ ಹಾಕಿದಾಗ, ಅಥವಾ ಆಕ್ಸಲಿನ ಕೆಳಗಿದ್ದ ಪಟ್ಟಾವನ್ನು ತೆಗೆದು ಆಕ್ಸಲಿನ ಮೇಲೆ ಕೂರಿಸಿದಾಗ. ಜಿಪ್ಸಿಯಲ್ಲಿ ಕಂಪನಿಯಿಂದ ಬರುವಾಗ ಪಟ್ಟಾ ಆಕ್ಸಲಿನ ಕೆಳಗಿರುತ್ತದೆ. ಅದನ್ನು ಮೇಲಕ್ಕೆ ತಂದರೆ ಒಂದೇ ಏಟಿಗೆ ಸುಮಾರು 5 ಇಂಚು ಎತ್ತರ ಸಿಗುತ್ತದೆ. ಕಡಿಮೆ ಖರ್ಚು, ದೊಡ್ಡ ಎತ್ತರ, ಅದಕ್ಕೇ ಅದು ಜನಪ್ರಿಯ.

ಲೆಕ್ಕ ಹಾಕಿ ನೋಡೋಣ. ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜಿಗೂ ಹಿಂದಿನ ಪಿನಿಯನ್ ಫ್ಲ್ಯಾಂಜಿಗೂ ಅಡ್ಡ ಅಂತರ 600 ಮಿ.ಮೀ., ಎತ್ತರದ ವ್ಯತ್ಯಾಸ 75 ಮಿ.ಮೀ. ಎಂದಿಟ್ಟುಕೊಳ್ಳಿ. ಶಾಫ್ಟಿನ ಇಳಿಜಾರು ಸುಮಾರು 7 ಡಿಗ್ರಿ, ಉದ್ದ ಸುಮಾರು 605 ಮಿ.ಮೀ. ಈಗ ಗಾಡಿಯನ್ನು 125 ಮಿ.ಮೀ. ಎತ್ತರಿಸಿದರೆ ವ್ಯತ್ಯಾಸ 200 ಮಿ.ಮೀ. ಆಯಿತು. ಇಳಿಜಾರು 18 ಡಿಗ್ರಿ ದಾಟುತ್ತದೆ, ಉದ್ದ 632 ಮಿ.ಮೀ. ಆಗುತ್ತದೆ. ಅಂದರೆ ಗಾಡಿ ಸುಮ್ಮನೆ ನಿಂತಿರುವಾಗಲೇ ಸ್ಪ್ಲೈನ್ ಒಂದು ಇಂಚಿಗಿಂತ ಹೆಚ್ಚು ಹೊರಬಂದಿರುತ್ತದೆ. ಹಳ್ಳದಲ್ಲಿ ಒಂದು ಚಕ್ರ ಜೋತುಬಿದ್ದಾಗ ಇನ್ನಷ್ಟು ಹೊರಬರುತ್ತದೆ. ಒಳಗೆ ಕಚ್ಚಿಕೊಂಡಿರುವ ಹಲ್ಲು ಕಡಿಮೆಯಾದಷ್ಟೂ ಅದು ಅಲ್ಲಾಡುತ್ತದೆ, ಸವೆಯುತ್ತದೆ.

ಹುಕ್ ಸಾಹೇಬರ ಕೀಲು

ನಮ್ಮ ಗ್ಯಾರೇಜುಗಳು ಕ್ರಾಸ್ ಎನ್ನುವ ಕೀಲಿಗೆ ಪುಸ್ತಕದಲ್ಲಿ ಹುಕ್‌ನ ಕೀಲು ಎಂಬ ಹೆಸರಿದೆ. 17ನೇ ಶತಮಾನದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಅದನ್ನು ಅಭ್ಯಾಸ ಮಾಡಿದ್ದ. ಇಟಲಿಯ ಕಾರ್ಡಾನೊ ಹೆಸರಿನಿಂದ ಕಾರ್ಡನ್ ಶಾಫ್ಟ್ ಎಂಬ ಮಾತೂ ಬಂದಿದೆ. ಈ ಕೀಲಿಗೆ ಒಂದು ಹುಟ್ಟುಗುಣವಿದೆ. ಕೋನದಲ್ಲಿ ತಿರುಗುವಾಗ ಒಂದು ಕಡೆ ಸಮವೇಗದಲ್ಲಿ ತಿರುಗಿಸಿದರೂ ಇನ್ನೊಂದು ಕಡೆ ಸಮವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿನಲ್ಲಿ ಎರಡು ಸಲ ಮುಂದೋಡುತ್ತದೆ, ಎರಡು ಸಲ ಹಿಂದೆ ಬೀಳುತ್ತದೆ.

ಎಷ್ಟು ಎನ್ನುವುದು ಕೋನಕ್ಕೆ ಬಿಟ್ಟದ್ದು. 10 ಡಿಗ್ರಿಯಲ್ಲಿ ಈ ಏರಿಳಿತ ಶೇ. 1.5ರಷ್ಟು. 20 ಡಿಗ್ರಿಯಲ್ಲಿ ಶೇ. 6ರಷ್ಟು. 30 ಡಿಗ್ರಿಯಲ್ಲಿ ಶೇ. 15ರ ಹತ್ತಿರ. ಕೋನ ಎರಡರಷ್ಟಾದರೆ ಏರಿಳಿತ ನಾಲ್ಕರಷ್ಟಾಗುತ್ತದೆ ಎಂಬುದನ್ನು ಗಮನಿಸಿ. ‘ಒಂದು ಇಂಚು ಎತ್ತಿದಾಗ ಏನೂ ಆಗಲಿಲ್ಲ, ಇನ್ನೆರಡು ಇಂಚು ಎತ್ತೋಣ’ ಎನ್ನುವವರು ಮೋಸಹೋಗುವುದು ಇಲ್ಲೇ. ಶಾಫ್ಟ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 66 ಸಲ ಈ ಜಗ್ಗಾಟ ನಡೆಯುತ್ತದೆ. ಸೀಟಿನಡಿ ಗುಂಯ್‌ಗುಡುವ ನಡುಕ ಅದೇ.

ಇದಕ್ಕೆ ಪರಿಹಾರವೂ ಹಳೆಯದೇ. ಶಾಫ್ಟಿನ ಎರಡೂ ತುದಿಯಲ್ಲಿ ಕ್ರಾಸ್ ಇಟ್ಟು, ಎರಡಕ್ಕೂ ಒಂದೇ ಅಳತೆಯ ಕೋನ ಕೊಟ್ಟರೆ, ಮೊದಲನೆಯದು ಮಾಡಿದ ಏರುಪೇರನ್ನು ಎರಡನೆಯದು ತೀರಿಸಿಬಿಡುತ್ತದೆ. ಹಾಗಾಗಬೇಕಾದರೆ ಟ್ರಾನ್ಸ್‌ಫರ್ ಕೇಸಿನ ಹೊರಗುಂಭ ಮತ್ತು ಹೌಸಿಂಗಿನ ಪಿನಿಯನ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಶಾಫ್ಟಿನ ಎರಡೂ ಕಡೆಯ ಕವಲುಗಳು ಒಂದೇ ಸಮತಲದಲ್ಲಿರಬೇಕು. ಎರಡು ಕೋನಗಳ ನಡುವೆ 1 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು ಎಂಬುದು ಶಾಫ್ಟ್ ಕೆಲಸದವರ ಒಪ್ಪಿತ ನಿಯಮ. ಹೆದ್ದಾರಿಯಲ್ಲಿ ಓಡುವ ಗಾಡಿಗೆ ಪ್ರತಿ ಕೀಲಿನ ಕೋನ 3 ಡಿಗ್ರಿಯೊಳಗಿದ್ದರೆ ಉತ್ತಮ ಎಂದೂ ಹೇಳುತ್ತಾರೆ. ಎತ್ತರಿಸಿದ ಜಿಪ್ಸಿ ಅದನ್ನು ಎಂದೋ ದಾಟಿರುತ್ತದೆ.

ಮೂರು ಸಲ ಹಾಕಿದ ಕ್ರಾಸ್

ಚಿಂಚವಡದಲ್ಲಿರುವ ಧಾರವಾಡದ ಗೆಳೆಯರೊಬ್ಬರ ಜಿಪ್ಸಿ ಕಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಹಿಂದಿನ ಮಾಲೀಕರು ಪಟ್ಟಾಗಳನ್ನು ಆಕ್ಸಲಿನ ಮೇಲೆ ಕೂರಿಸಿದ್ದರು, ಸಾಲದೆಂದು ಉದ್ದನೆಯ ಶ್ಯಾಕಲ್ಲನ್ನೂ ಹಾಕಿಸಿದ್ದರು. ಗಂಟೆಗೆ 60 ಕಿ.ಮೀ. ದಾಟಿದರೆ ನಡುಕ. ಮಳೆಗಾಲದ ಕೆಸರಿಗಷ್ಟೇ ಇಟ್ಟುಕೊಂಡ ಗಾಡಿಯೂ ಅಲ್ಲ. ವರ್ಷಕ್ಕೆರಡು ಸಲ ಹೆಂಡತಿ ಮಕ್ಕಳೊಂದಿಗೆ ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿ ದಾಟಿ 400 ಕಿ.ಮೀ.ಗೂ ಹೆಚ್ಚು ದೂರ ಊರಿಗೆ ಹೋಗುವ ಗಾಡಿ. ಒಂದು ಗ್ಯಾರೇಜಿನಲ್ಲಿ ಪ್ರತಿ ಸಲವೂ ‘ಕ್ರಾಸ್ ಗಯಾ ಸಾಬ್’ ಎಂದು ಹೊಸದು ಹಾಕಿಕೊಟ್ಟರು. ಒಂದು ಸಲವೂ ಕೋನ ಅಳೆಯಲಿಲ್ಲ.

“ಮೂರ ಸಲ ಕ್ರಾಸ್ ಹಾಕ್ಸೇನ್ರೀ, ಮತ್ತ ಅದ ಸಪ್ಪಳ” ಎಂದರು ಗೆಳೆಯರು. ಅವರ ಮನೆಯ ಮುಂದೆ ಕಾಂಕ್ರೀಟಿನ ಸಪಾಟು ಅಂಗಳವಿದೆ. ಎರಡು ಭಾನುವಾರ ಅಲ್ಲೇ ಕೆಲಸ ಹಿಡಿದೆವು.

ಮೊದಲು ಸಪ್ಪಳ ಎಲ್ಲಿಂದ ಎಂಬುದು ಖಚಿತವಾಗಬೇಕು. ಎಂಜಿನ್ನಿನ ನಡುಕವಾದರೆ ಗಾಡಿ ನಿಂತಲ್ಲೂ ಅದೇ ಸುತ್ತಿಗೆ ಬರುತ್ತದೆ. ಶಾಫ್ಟಿನದಾದರೆ ಗಾಡಿಯ ವೇಗಕ್ಕೆ ತಕ್ಕಂತೆ ಬರುತ್ತದೆ, ಓಡುವಾಗ ನ್ಯೂಟ್ರಲ್‌ಗೆ ತಂದರೂ ಉಳಿಯುತ್ತದೆ. ಟೈರಿನ ಬ್ಯಾಲೆನ್ಸ್ ಕೆಟ್ಟಿದ್ದರೆ ನಡುಕ ನಿಧಾನಗತಿಯದು, ಸ್ಟೇರಿಂಗಿನಲ್ಲಿ ಹೆಚ್ಚು ಕಾಣುತ್ತದೆ. ಮುಂದಕ್ಕೆ ಹಿಂದಕ್ಕೆ ಗೇರ್ ಬದಲಿಸಿದಾಗ ‘ಠಣ್’ ಎಂದರೆ ಕ್ರಾಸ್ ಅಥವಾ ಸ್ಪ್ಲೈನ್ ಸಡಿಲವಾಗಿದೆ. ಕ್ರಾಸಿನ ಬಟ್ಟಲುಗಳ ಸುತ್ತ ತುಕ್ಕಿನ ಬಣ್ಣದ ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿ ಪುಡಿಯಾಗುತ್ತಿದೆ ಎಂದರ್ಥ. ಎರಡು ಶಾಫ್ಟಲ್ಲಿ ಯಾವುದೆಂದು ತಿಳಿಯದಿದ್ದರೆ ಮುಂದಿನ ಶಾಫ್ಟನ್ನು ಪೂರ್ತಿ ಬಿಚ್ಚಿಟ್ಟು, ಎರಡು ಚಕ್ರದ ಚಾಲನೆಯಲ್ಲೇ ಒಂದು ಸುತ್ತು ಓಡಿಸಿ ನೋಡಬಹುದು. ನಾವೂ ಹಾಗೇ ಮಾಡಿದೆವು. ನಡುಕ ಹಾಗೇ ಇತ್ತು. ಕಾಯಿಲೆ ಹಿಂದಿನ ಶಾಫ್ಟಿನದು.

ಅಳತೆ ಮೊದಲು, ಅಂಗಡಿ ಆಮೇಲೆ

ಕೋನ ಅಳೆಯಲು ಅಯಸ್ಕಾಂತದ ತಳವಿರುವ ಡಿಜಿಟಲ್ ಕೋನಮಾಪಕ ಸಿಗುತ್ತದೆ. ಇಲ್ಲದಿದ್ದರೆ ಮೊಬೈಲಿನಲ್ಲಿರುವ ಸ್ಪಿರಿಟ್ ಲೆವೆಲ್ ಸಾಕು. ಗಾಡಿ ಸಮತಟ್ಟಾದ ಜಾಗದಲ್ಲಿ ನಾಲ್ಕೂ ಚಕ್ರದ ಮೇಲೆ ನಿಂತಿರಬೇಕು. ಎತ್ತರಿಸಿದ ಗಾಡಿಯ ಒಂದು ಲಾಭವೆಂದರೆ ಜ್ಯಾಕ್ ಹಾಕದೆಯೇ ಕೆಳಗೆ ನುಗ್ಗಬಹುದು. ಮೂರು ಕಡೆ ಅಳತೆ ಬೇಕು: ಟ್ರಾನ್ಸ್‌ಫರ್ ಕೇಸಿನ ಫ್ಲ್ಯಾಂಜ್, ಶಾಫ್ಟಿನ ಕೊಳವೆ, ಪಿನಿಯನ್ ಫ್ಲ್ಯಾಂಜ್. ಫ್ಲ್ಯಾಂಜಿನ ಮುಖ ನೆಟ್ಟಗೆ ನಿಂತಿರುವುದರಿಂದ ಅಲ್ಲಿ 90 ಡಿಗ್ರಿಯಿಂದ ಎಷ್ಟು ವಾಲಿದೆ ಎಂಬುದನ್ನು ಬರೆದುಕೊಳ್ಳಬೇಕು.

ನಮಗೆ ಸಿಕ್ಕ ಅಂಕಿಗಳು ಹೀಗಿದ್ದವು. ಟ್ರಾನ್ಸ್‌ಫರ್ ಕೇಸ್ ಹಿಂದಕ್ಕೆ 4 ಡಿಗ್ರಿ ಇಳಿದಿತ್ತು. ಶಾಫ್ಟ್ 19 ಡಿಗ್ರಿ ಇಳಿದಿತ್ತು. ಪಿನಿಯನ್ನಿನ ಮೂತಿ 11 ಡಿಗ್ರಿ ಮೇಲೆ ನೋಡುತ್ತಿತ್ತು. ಅಂದರೆ ಮೇಲಿನ ಕ್ರಾಸಿನ ಕೋನ 15, ಕೆಳಗಿನದು 8. ವ್ಯತ್ಯಾಸ 7 ಡಿಗ್ರಿ. ಒಂದರ ಏರುಪೇರನ್ನು ಇನ್ನೊಂದು ತೀರಿಸುವ ಮಾತೇ ಇಲ್ಲ. ಇಂಥ ಜಾಗದಲ್ಲಿ ಬಂಗಾರದ ಕ್ರಾಸ್ ಹಾಕಿದರೂ ಉಳಿಯುವುದಿಲ್ಲ.

ಪಿನಿಯನ್ ಅಷ್ಟು ಮೇಲೆದ್ದದ್ದಕ್ಕೆ ಕಾರಣ ಎರಡು. ಪಟ್ಟಾ ಕೂರಿಸುವ ತಟ್ಟೆಗಳನ್ನು ವೆಲ್ಡ್ ಮಾಡುವಾಗ ಕೋನ ನೋಡಿರಲಿಲ್ಲ. ಜೊತೆಗೆ ಪಟ್ಟಾದ ಹಿಂತುದಿಯಲ್ಲಿದ್ದ ಉದ್ದ ಶ್ಯಾಕಲ್ ಆಕ್ಸಲನ್ನೇ ಸ್ವಲ್ಪ ತಿರುಗಿಸಿತ್ತು. ಶ್ಯಾಕಲ್ ಉದ್ದವಾದರೆ ಎತ್ತರ ಸಿಗುವುದು ಅದರ ಅರ್ಧದಷ್ಟೇ, ಆದರೆ ಪಿನಿಯನ್ ಮೂತಿ ತಿರುಗುವುದು ಬೋನಸ್ಸು.

ಇಲ್ಲಿ ಗೆಳೆಯರು ಒಂದು ತೀರ್ಮಾನಕ್ಕೆ ಬರಬೇಕಾಯಿತು. ಎತ್ತರವನ್ನು ಹಾಗೇ ಉಳಿಸಿಕೊಂಡು ದುಬಾರಿ ಶಾಫ್ಟಿನ ಹಿಂದೆ ಬೀಳುವುದೋ, ಒಂದು ಇಂಚು ಬಿಟ್ಟುಕೊಡುವುದೋ? ಒಂದು ತುದಿಯಲ್ಲಿ ಜೋಡಿ ಕ್ರಾಸ್ ಇರುವ ಡಬಲ್ ಕಾರ್ಡನ್ ಶಾಫ್ಟ್ ಹಾಕಿದರೆ ದೊಡ್ಡ ಕೋನವನ್ನೂ ನಿಭಾಯಿಸಬಹುದು. ಆಗ ಪಿನಿಯನ್ ನೇರವಾಗಿ ಟ್ರಾನ್ಸ್‌ಫರ್ ಕೇಸಿನತ್ತ ನೋಡುವಂತೆ ತಿರುಗಿಸಬೇಕು. ಆದರೆ ಜಿಪ್ಸಿಗೆ ಅದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಸಾಮಾನಲ್ಲ, ಮಾಡಿಸಬೇಕು. ಗೆಳೆಯರು ಇಂಚನ್ನು ಬಿಟ್ಟುಕೊಟ್ಟರು.

ಮೊದಲ ಭಾನುವಾರ ಮುಂದೆ ಹಿಂದೆ ಎರಡೂ ಕಡೆ ಕಂಪನಿ ಅಳತೆಯ ಶ್ಯಾಕಲ್ ವಾಪಸ್ ಹಾಕಿದೆವು. ಶಾಫ್ಟಿನ ಇಳಿಜಾರು 17 ಡಿಗ್ರಿಗೆ ಬಂತು, ಪಿನಿಯನ್ 9ಕ್ಕೆ ಇಳಿಯಿತು. ಪಟ್ಟಾ ಮತ್ತು ಆಕ್ಸಲ್ ತಟ್ಟೆಯ ನಡುವೆ 6 ಡಿಗ್ರಿಯ ಉಕ್ಕಿನ ಬೆಣೆ ಇಟ್ಟು ಅದನ್ನು 3 ಡಿಗ್ರಿಗೆ ತಂದೆವು. ಈಗ ಮೇಲಿನ ಕೋನ 13, ಕೆಳಗಿನದು 14. ಪಿನಿಯನ್ನನ್ನು ಬೇಕೆಂದೇ 1 ಡಿಗ್ರಿ ಕೆಳಗೆ ಬಿಟ್ಟದ್ದು. ಎಕ್ಸಲರೇಟರ್ ಒತ್ತಿದಾಗ ಪಟ್ಟಾ ತಿರುಚಿಕೊಂಡು ಪಿನಿಯನ್ ತುಸು ಮೇಲೇಳುತ್ತದೆ, ಆಗ ಲೆಕ್ಕ ಸರಿಹೋಗುತ್ತದೆ. ಬೆಣೆ ಅಲ್ಯೂಮಿನಿಯಮ್ಮಿನದು ಬೇಡ, ಅದು ಜಜ್ಜಿಹೋಗುತ್ತದೆ. ಪಟ್ಟಾದ ನಡುವಿನ ಬೋಲ್ಟು ಬೆಣೆಯ ದಪ್ಪಕ್ಕೆ ತಕ್ಕಷ್ಟು ಉದ್ದವಿರಬೇಕು. ಯು-ಬೋಲ್ಟುಗಳನ್ನು ಹೊಸದಾಗಿಯೇ ಹಾಕಬೇಕು. ಮುಂದಿನ ಆಕ್ಸಲಿಗೆ ಮಾತ್ರ ಈ ಬೆಣೆಯ ಆಟ ಸಲ್ಲದು. ಅಲ್ಲಿ ಆಕ್ಸಲ್ ತಿರುಗಿಸಿದರೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣವೂ ಬದಲಾಗುತ್ತದೆ.

ಕೋನ ಸರಿಮಾಡಿದ ಮೇಲೆಯೇ ಉದ್ದ ಅಳೆಯಬೇಕು. ಮೊದಲೇ ಶಾಫ್ಟ್ ತಂದಿಟ್ಟುಕೊಂಡರೆ ಶ್ಯಾಕಲ್ ಬದಲಿಸಿದ ಮೇಲೆ ಅದರ ಉದ್ದ ತಪ್ಪಾಗುತ್ತದೆ. ಫ್ಲ್ಯಾಂಜಿನಿಂದ ಫ್ಲ್ಯಾಂಜಿಗೆ ಮೂರು ಸ್ಥಿತಿಯಲ್ಲಿ ಅಳೆಯಿರಿ: ಗಾಡಿ ಸಹಜವಾಗಿ ನಿಂತಾಗ, ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಪೂರ್ತಿ ಜೋತುಬಿದ್ದಾಗ, ಆಕ್ಸಲ್ ಪೂರ್ತಿ ಒತ್ತಿಕೊಂಡು ರಬ್ಬರ್ ಬಡಿಯುವಷ್ಟು ಮೇಲೆದ್ದಾಗ. ಜೋತುಬಿದ್ದಾಗಲೂ ಸ್ಪ್ಲೈನ್ ಕನಿಷ್ಠ ತನ್ನ ವ್ಯಾಸದಷ್ಟಾದರೂ ಒಳಗಿರಬೇಕು. ಒತ್ತಿಕೊಂಡಾಗ ತಳ ಮುಟ್ಟಿ ಗುದ್ದಬಾರದು. ಗುದ್ದಿದರೆ ಆ ಪೆಟ್ಟು ನೇರವಾಗಿ ಟ್ರಾನ್ಸ್‌ಫರ್ ಕೇಸಿನ ಬೇರಿಂಗಿಗೆ ಹೋಗುತ್ತದೆ.

ಶಾಫ್ಟ್ ಎಲ್ಲಿಂದ

ಜಿಪ್ಸಿಯ ಹೊಸ ಗಾಡಿ ನಿಂತುಹೋದರೂ ಸಾಮಾನಿಗೆ ಬರವಿಲ್ಲ. ಪುಣೆಯವರಿಗೆ ನಾನಾ ಪೇಟೆ, ದೆಹಲಿಯವರಿಗೆ ಕಾಶ್ಮೀರಿ ಗೇಟ್, ಚೆನ್ನೈಯವರಿಗೆ ಜಿ.ಪಿ. ರಸ್ತೆ, ಹೈದರಾಬಾದಿನವರಿಗೆ ರಾಣಿಗಂಜ್, ಊರಿಗೆ ಹೋದಾಗ ತರುವವರಿಗೆ ಬೆಂಗಳೂರಿನ ಜೆ.ಸಿ. ರಸ್ತೆ ಇದ್ದೇ ಇದೆ. ಕ್ರಾಸ್ ಕೊಳ್ಳುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಬಟ್ಟಲಿನ ವ್ಯಾಸವನ್ನೂ ಅಡ್ಡಗಲವನ್ನೂ ವರ್ನಿಯರ್‌ನಲ್ಲಿ ಅಳೆದೇ ಕೊಳ್ಳಿ. ಗ್ರೀಸ್ ನಿಪ್ಪಲ್ ಇರುವುದನ್ನೇ ಕೇಳಿ. ಕೆಸರಿನಲ್ಲಿ ಓಡುವ ಗಾಡಿಗೆ ಆಗಾಗ ಗ್ರೀಸ್ ಕುಡಿಸಲು ಅದು ಬೇಕು.

ಸ್ವಲ್ಪವೇ ಎತ್ತರಿಸಿದ ಗಾಡಿಗೆ ಫ್ಲ್ಯಾಂಜಿನ ನಡುವೆ ಲೇತ್‌ನಲ್ಲಿ ಮಾಡಿಸಿದ ಸ್ಪೇಸರ್ ಇಟ್ಟರೆ ಉದ್ದದ ಕೊರತೆ ನೀಗುತ್ತದೆ. ಹೆಚ್ಚಿಗೆ ಬೇಕಿದ್ದರೆ ಕೊಳವೆ ಕತ್ತರಿಸಿ ಉದ್ದ ಮಾಡಿಸಬೇಕು. ಇದನ್ನು ಮನೆಯಲ್ಲಿ ವೆಲ್ಡಿಂಗ್ ಮಶಿನ್ ಹಿಡಿದು ಮಾಡುವ ಕೆಲಸ ಎಂದು ದಯವಿಟ್ಟು ತಿಳಿಯಬೇಡಿ. ಕೊಳವೆ ಕೂದಲೆಳೆಯಷ್ಟು ಸೊಟ್ಟಗಾದರೂ ವೇಗದಲ್ಲಿ ಅದು ಚಾಟಿಯಂತೆ ಬೀಸುತ್ತದೆ. ಲೇತಿನಲ್ಲಿ ಕೂರಿಸಿ ಸೊಟ್ಟ ನೋಡಿ, ವೆಲ್ಡ್ ಮಾಡಿ, ತಿರುಗಿಸಿ ಬ್ಯಾಲೆನ್ಸ್ ಮಾಡಿಕೊಡುವ ವರ್ಕ್‌ಶಾಪುಗಳು ಪ್ರತಿ ಕೈಗಾರಿಕಾ ಪ್ರದೇಶದಲ್ಲೂ ಇವೆ. ಲಾರಿಗಳಿಗೆ ಅದು ದಿನನಿತ್ಯದ ಕೆಲಸ. ನಾವು ನಾನಾ ಪೇಟೆಯಿಂದ ಹೊಸ ಶಾಫ್ಟ್ ತಂದು ಭೋಸರಿಯಲ್ಲಿ 25 ಮಿ.ಮೀ. ಉದ್ದ ಮಾಡಿಸಿ, ಬ್ಯಾಲೆನ್ಸ್ ಮಾಡಿಸಿದೆವು. ಎರಡು ತುದಿಯ ಕವಲುಗಳು ಒಂದೇ ಸಮತಲದಲ್ಲಿವೆಯೇ ಎಂದು ಅಂಗಡಿಯಲ್ಲೇ ನೋಡಿಕೊಳ್ಳುವುದು ನಮ್ಮ ಹೊಣೆ.

ಕೆಳಗೆ ನುಗ್ಗುವ ಮುನ್ನ

ಶಾಫ್ಟ್ ಕೆಲಸದಲ್ಲಿ ಎಲ್ಲರೂ ಮರೆಯುವ ಒಂದು ವಿಷಯವಿದೆ. ‘ಗೇರಿನಲ್ಲಿ ನಿಲ್ಲಿಸಿದ್ದೇನೆ, ಎಲ್ಲಿಗೆ ಹೋಗುತ್ತದೆ’ ಎನ್ನುವ ಧೈರ್ಯ ಶಾಫ್ಟ್ ಇರುವ ತನಕ ಮಾತ್ರ. ಎಂಜಿನ್ನಿಗೂ ಚಕ್ರಕ್ಕೂ ನಡುವಿನ ಕೊಂಡಿಯೇ ಆ ಶಾಫ್ಟು. ಅದನ್ನು ಬಿಚ್ಚಿದ ಕ್ಷಣ ಗೇರು ಯಾವುದನ್ನೂ ಹಿಡಿದಿರುವುದಿಲ್ಲ. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಇನ್ನೂ ಒಂದು ಅಪಾಯ. ಅವುಗಳ ಹ್ಯಾಂಡ್ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮಿನ ಮೂಲಕ ಶಾಫ್ಟನ್ನು ಹಿಡಿಯುತ್ತದೆ. ಶಾಫ್ಟ್ ತೆಗೆದರೆ ಹ್ಯಾಂಡ್ ಬ್ರೇಕೂ ಹೋಯಿತು. ಹಿಂದಿನ ಒಂದು ಚಕ್ರ ಎತ್ತಿದರೂ ಸಾಕು, ಡಿಫರೆನ್ಷಿಯಲ್ ಕೃಪೆಯಿಂದ ನೆಲದ ಮೇಲಿರುವ ಚಕ್ರ ಉರುಳಬಲ್ಲದು. ನಿಮ್ಮ ಗಾಡಿಯ ಬ್ರೇಕ್ ಯಾವ ಬಗೆಯದೆಂದು ಮೊದಲು ನೋಡಿಕೊಳ್ಳಿ.

ಆದ್ದರಿಂದ ನೆಲದ ಮೇಲಿರುವ ಪ್ರತಿ ಚಕ್ರಕ್ಕೂ ಹಿಂದೆ ಮುಂದೆ ಮರದ ಬೆಣೆ ಕೊಡಿ. ಇಟ್ಟಿಗೆ ಬೇಡ, ಅದು ಒಡೆಯುತ್ತದೆ. ಜ್ಯಾಕ್ ಇರುವುದು ಎತ್ತಲಿಕ್ಕೆ, ಹಿಡಿದಿಡಲಿಕ್ಕೆ ಸ್ಟ್ಯಾಂಡ್ ಬೇಕು. ಬರೀ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬಾರದು, ಒಂದು ನಿಮಿಷಕ್ಕೂ ಬೇಡ. ಸ್ಟ್ಯಾಂಡ್ ಕೊಟ್ಟ ಮೇಲೆ ಬಾಡಿಯನ್ನು ಹಿಡಿದು ಜೋರಾಗಿ ಅಲ್ಲಾಡಿಸಿ ನೋಡಿ. ಅದು ಬೀಳುವುದಿದ್ದರೆ ನೀವು ಹೊರಗಿರುವಾಗಲೇ ಬೀಳಲಿ. ಕಣ್ಣಿಗೆ ಕನ್ನಡಕ ಇರಲಿ, ಒಣಗಿದ ಕೆಸರು ಉದುರುವುದು ಸೀದಾ ಕಣ್ಣಿಗೇ. ಮನೆಯಲ್ಲಿ ಇನ್ನೊಬ್ಬರಿಗೆ ನೀವು ಗಾಡಿ ಕೆಳಗಿದ್ದೀರಿ ಎಂಬುದು ಗೊತ್ತಿರಲಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಇಳಿಜಾರಿನಲ್ಲಿ ಈ ಕೆಲಸ ಮಾಡಲೇಬಾರದು.

ಬಿಚ್ಚುವುದು

ಹಿಂದಿನ ರಾತ್ರಿಯೇ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಹಳೆಯ ಶಾಫ್ಟನ್ನು ಮತ್ತೆ ಹಾಕುವುದಿದ್ದರೆ ಫ್ಲ್ಯಾಂಜು, ಕವಲು, ಸ್ಪ್ಲೈನಿನ ಎರಡು ಭಾಗ, ಇಷ್ಟಕ್ಕೂ ಬಿಳಿ ಬಣ್ಣದಲ್ಲಿ ಗುರುತು ಹಾಕಿ. ಒಂದು ಹಲ್ಲು ಆಚೀಚೆಯಾದರೂ ಕವಲುಗಳ ಸಮತಲ ತಪ್ಪುತ್ತದೆ.

ಹಿಂದಿನ ಒಂದು ಚಕ್ರವನ್ನು ಎತ್ತಿ ಸ್ಟ್ಯಾಂಡಿನ ಮೇಲಿಟ್ಟರೆ, ಟ್ರಾನ್ಸ್‌ಫರ್ ಲಿವರ್ ನ್ಯೂಟ್ರಲ್‌ನಲ್ಲಿದ್ದಾಗ ಶಾಫ್ಟನ್ನು ಕೈಯಲ್ಲೇ ತಿರುಗಿಸಬಹುದು. ಬೋಲ್ಟ್ ಕೈಗೆಟಕುವ ಜಾಗಕ್ಕೆ ತಂದು, ಲಿವರನ್ನು ಲೋ ರೇಂಜಿಗೂ ಗೇರನ್ನು ಮೊದಲಿಗೂ ಹಾಕಿದರೆ ಶಾಫ್ಟ್ ಬಿಗಿಯಾಗಿ ನಿಲ್ಲುತ್ತದೆ. ರಿಂಗ್ ಸ್ಪ್ಯಾನರ್ ಹಾಕಿ ಎಂಟೂ ಬೋಲ್ಟನ್ನು ಮೊದಲು ಸಡಿಲಿಸಿ, ಆಮೇಲೆ ಒಂದೊಂದಾಗಿ ತೆಗೆಯಿರಿ. ಕೊನೆಯ ಬೋಲ್ಟ್ ತೆಗೆಯುವ ಮುನ್ನ ಶಾಫ್ಟನ್ನು ಹಗ್ಗದಿಂದ ಚಾಸಿಗೆ ಕಟ್ಟಿಕೊಳ್ಳಿ. ಭಾರ ಕಡಿಮೆಯೆನಿಸಿದರೂ ಮುಖದ ಮೇಲೆ ಬಿದ್ದರೆ ಹಲ್ಲು ಉಳಿಯುವುದಿಲ್ಲ. ಫ್ಲ್ಯಾಂಜು ಅಂಟಿಕೊಂಡಿದ್ದರೆ ತಾಮ್ರದ ಅಥವಾ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ.

ಶಾಫ್ಟ್ ಹೊರಬಂದಾಗ ಎರಡು ಸೀಲುಗಳ ಕಡೆ ಟಾರ್ಚ್ ಹಾಕಿ ನೋಡಿ. ನಡುಕದ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲೂ ಪಿನಿಯನ್ ಸೀಲೂ ಒಸರುತ್ತಿರುವುದು ಸಾಮಾನ್ಯ. ಟ್ರಾನ್ಸ್‌ಫರ್ ಫ್ಲ್ಯಾಂಜನ್ನು ಮೇಲೆ ಕೆಳಗೆ ಅಲ್ಲಾಡಿಸಿದಾಗ ಸಡಿಲ ಕಂಡರೆ ಬೇರಿಂಗೂ ಹೋಗಿದೆ. ಪಿನಿಯನ್ನಿನ ನಡುವಿನ ದೊಡ್ಡ ನಟ್ಟನ್ನು ಮಾತ್ರ ಸುಮ್ಮನೆ ಮುಟ್ಟಬೇಡಿ. ಒಳಗಿನ ಬೇರಿಂಗಿನ ಬಿಗಿ ಅದರ ಮೇಲೆ ನಿಂತಿದೆ. ಅದನ್ನು ಏರ್ ಗನ್ನಿನಿಂದ ಬಿಗಿದವರು ಕೆಲವೇ ದಿನಗಳಲ್ಲಿ ಕ್ರೌನ್ ಪಿನಿಯನ್ ಬೆಲೆ ಕೇಳುತ್ತಾ ಹೊರಡುತ್ತಾರೆ.

ಜೋಡಿಸುವುದು

ಫ್ಲ್ಯಾಂಜಿನ ಮುಖಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಒರೆಸಿ. ಅಕ್ಕಿಕಾಳಿನಷ್ಟು ಮಣ್ಣು ಉಳಿದರೂ ಶಾಫ್ಟ್ ಓರೆಯಾಗಿ ಕೂರುತ್ತದೆ. ಸ್ಪ್ಲೈನಿಗೆ ಮಾಲಿಬ್ಡಿನಮ್ ಇರುವ ಗ್ರೀಸ್ ಹಚ್ಚಿ. ಕ್ರಾಸಿಗೆ ಗ್ರೀಸ್ ಗನ್ನಿನಿಂದ ಒತ್ತಿದಾಗ ನಾಲ್ಕೂ ಬಟ್ಟಲಿನ ಅಂಚಿನಿಂದ ಹೊಸ ಗ್ರೀಸ್ ಇಣುಕಬೇಕು. ಒಂದರಿಂದ ಬರದಿದ್ದರೆ ಆ ಬಟ್ಟಲು ಒಣಗಿಯೇ ಓಡುತ್ತದೆ, ಅಲ್ಲಿಂದಲೇ ಹಾಳಾಗುವುದೂ ಶುರುವಾಗುತ್ತದೆ. ನಿಪ್ಪಲ್ ಗನ್ನಿಗೆ ಸಿಗುವ ದಿಕ್ಕಿನಲ್ಲಿರುವಂತೆ ಮೊದಲೇ ನೋಡಿಕೊಳ್ಳಿ.

ಬೋಲ್ಟು, ನಟ್ಟು ಹೊಸವೇ ಇರಲಿ, ಹೈ ಟೆನ್ಸೈಲ್ ದರ್ಜೆಯವೇ ಇರಲಿ. ಹಾರ್ಡ್‌ವೇರ್ ಅಂಗಡಿಯ ಸಾಧಾರಣ ಬೋಲ್ಟು ಇಲ್ಲಿ ನಿಲ್ಲುವುದಿಲ್ಲ. ಕೈಯಲ್ಲಿ ಎಂಟನ್ನೂ ಕೂರಿಸಿ, ಎದುರು ಬದುರಾಗಿ, ಎರಡು ಸುತ್ತಿನಲ್ಲಿ, ಸರ್ವಿಸ್ ಕೈಪಿಡಿ ಹೇಳುವಷ್ಟು ಟಾರ್ಕ್ ರೆಂಚಿನಿಂದ ಬಿಗಿಯಿರಿ. ಆಮೇಲೆ ಪೇಂಟಿನಿಂದ ನಟ್ಟಿನ ಮೇಲೂ ಫ್ಲ್ಯಾಂಜಿನ ಮೇಲೂ ಸೇರಿದಂತೆ ಒಂದು ಗೆರೆ ಎಳೆಯಿರಿ. ಮುಂದೆ ಯಾವತ್ತಾದರೂ ಗೆರೆ ಮುರಿದು ಕಂಡರೆ ನಟ್ಟು ಸಡಿಲವಾಗುತ್ತಿದೆ ಎಂದು ಬಗ್ಗಿ ನೋಡಿದರೇ ತಿಳಿಯುತ್ತದೆ.

ಈಗ ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲನ್ನು ಜೋತುಬಿಡಿ. ಶಾಫ್ಟನ್ನು ಕೈಯಿಂದ ಪೂರ್ತಿ ಸುತ್ತು ತಿರುಗಿಸಿ. ಎಲ್ಲಾದರೂ ಕವಲಿಗೆ ಕವಲು ತಾಗಿ ಸಿಕ್ಕಿಕೊಂಡರೆ, ಸೈಲೆನ್ಸರ್ ಕೊಳವೆಗೆ ಅಥವಾ ಅಡ್ಡಪಟ್ಟಿಗೆ ಉಜ್ಜಿದರೆ, ಗಾಡಿ ರಸ್ತೆಗೆ ಇಳಿಯಬಾರದು. ಕೈಗೆ ಸಿಕ್ಕಿಕೊಳ್ಳುವುದು ಹಳ್ಳದಲ್ಲಿ ಮುರಿಯುತ್ತದೆ.

ಇನ್ನೊಂದು ಸಣ್ಣ ಕೆಲಸ ಬಹಳ ದೊಡ್ಡ ಅನಾಹುತ ತಪ್ಪಿಸುತ್ತದೆ. ಹಿಂದಿನ ಶಾಫ್ಟಿನ ಮುಂತುದಿಯ ಕ್ರಾಸ್ ಓಡುವಾಗ ಮುರಿದರೆ ಕೊಳವೆ ಕೆಳಗೆ ಬಿದ್ದು ರಸ್ತೆಗೆ ಚುಚ್ಚಿಕೊಳ್ಳುತ್ತದೆ, ಗಾಡಿಯ ಹಿಂಭಾಗವನ್ನೇ ಎತ್ತಿಬಿಡಬಹುದು. ಆ ತುದಿಯ ಸುತ್ತ ಚಾಸಿಯ ಅಡ್ಡಪಟ್ಟಿಗೆ ಬೋಲ್ಟ್ ಮಾಡಿದ ಉಕ್ಕಿನ ಬಳೆಯೊಂದು ಇದ್ದರೆ ಮುರಿದ ಶಾಫ್ಟ್ ನೆಲ ಮುಟ್ಟುವುದಿಲ್ಲ.

ಕಾಯಿದೆಯ ಮಾತು

ಹಾಳಾದ ಶಾಫ್ಟನ್ನು ಅದೇ ಬಗೆಯ ಶಾಫ್ಟಿನಿಂದ ಬದಲಿಸುವುದು ದುರಸ್ತಿ. ಗಾಡಿ ಎತ್ತರಿಸುವುದು ಮಾರ್ಪಾಡು. ಮೋಟಾರು ವಾಹನ ಕಾಯಿದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವಂತಿಲ್ಲ ಎಂದು 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆ, ಅಥವಾ ಎರಡನ್ನೂ ವಿಧಿಸುವ ಅವಕಾಶ ಬಂತು. ಅಪಘಾತವಾದಾಗ ವಿಮಾ ಕಂಪನಿ ಕೇಳುವ ಮೊದಲ ಪ್ರಶ್ನೆಯೂ ಇದೇ ಆಗಬಹುದು. ಎತ್ತರಿಸಿದ ಹಳೆಯ ಗಾಡಿ ಕೊಳ್ಳುವವರು ಇದನ್ನೂ ಬೆಲೆಯಲ್ಲಿ ಸೇರಿಸಿಯೇ ಲೆಕ್ಕ ಹಾಕಬೇಕು.

2020ರಲ್ಲಿ ಬಂದ ಹೊಸ ಥಾರ್ ಇಟ್ಟುಕೊಂಡವರಿಗೆ ಒಂದು ಮಾತು. ಅದರ ಮುಂದಿನ ಚಕ್ರಗಳು ಸ್ವತಂತ್ರ ಸಸ್ಪೆನ್ಷನ್ ಮೇಲಿವೆ. ಡಿಫರೆನ್ಷಿಯಲ್ ಚಾಸಿಯಲ್ಲೇ ಉಳಿದು ಚಕ್ರಗಳಷ್ಟೇ ಕೆಳಗಿಳಿಯುವುದರಿಂದ ಎತ್ತರಿಸಿದಾಗ ಕೋನ ಬೀಳುವುದು ಚಕ್ರಕ್ಕೆ ಹೋಗುವ ಎರಡು ಅಡ್ಡ ಶಾಫ್ಟುಗಳ ಮೇಲೆ. ಅಲ್ಲಿರುವುದು ಸಮವೇಗದ ಸಿ.ವಿ. ಕೀಲು, ಹಾಗಾಗಿ ನಡುಕಕ್ಕಿಂತ ಮೊದಲು ರಬ್ಬರ್ ಬೂಟು ಹರಿಯುತ್ತದೆ, ಗ್ರೀಸ್ ಚೆಲ್ಲುತ್ತದೆ, ತಿರುವಿನಲ್ಲಿ ಕಟಕಟ ಎನ್ನುತ್ತದೆ. ಕೆಲಸದ ವಿಧಾನ ಬೇರೆ, ಪಾಠ ಅದೇ: ಕೋನ ಸರಿಮಾಡದೆ ಹಾಕಿದ ಶಾಫ್ಟ್ ಬಾಳುವುದಿಲ್ಲ.

ಇನ್ನು ಚಿಂಚವಡದ ಜಿಪ್ಸಿ. ನಡುಕ ಪೂರ್ತಿ ಹೋಗಲಿಲ್ಲ, ಹೋಗುವುದೂ ಇಲ್ಲ. ಎರಡು ಕೋನ ಸಮವಾಗಿದ್ದರೂ ಅವು 13, 14 ಡಿಗ್ರಿಯಷ್ಟು ದೊಡ್ಡವು. ಪಿನಿಯನ್ ಸಮವಾಗಿ ತಿರುಗಿದರೂ ನಡುವಿನ ಕೊಳವೆ ಏರಿಳಿಯುತ್ತಲೇ ಇರುತ್ತದೆ. ಆದರೆ 60ಕ್ಕೆ ಶುರುವಾಗುತ್ತಿದ್ದ ಸಪ್ಪಳ ಈಗ 80ರ ತನಕ ಇಲ್ಲ. ಗೆಳೆಯರು ಅದಕ್ಕಿಂತ ವೇಗವಾಗಿ ಓಡಿಸುವುದೂ ಇಲ್ಲ. ಮೊದಲ 100 ಕಿ.ಮೀ. ಆದ ಮೇಲೆ ಬೋಲ್ಟುಗಳನ್ನು ಮತ್ತೆ ಟಾರ್ಕ್ ರೆಂಚಿನಿಂದ ನೋಡಿದೆವು. ಈಗ ಪ್ರತಿ ಸಲ ಊರಿಗೆ ಹೊರಡುವ ಹಿಂದಿನ ದಿನ ಅವರು ಗಾಡಿ ಕೆಳಗೆ ಟಾರ್ಚ್ ಬಿಟ್ಟು ಪೇಂಟಿನ ಗೆರೆ ನೋಡುತ್ತಾರೆ, ಪ್ರತಿ ನೀರಾಟದ ನಂತರ ಕ್ರಾಸಿಗೆ ಗ್ರೀಸ್ ಕುಡಿಸುತ್ತಾರೆ. ಹತ್ತು ನಿಮಿಷದ ಕೆಲಸ. ನೀವೂ ಎತ್ತರಿಸಿದ ಗಾಡಿಯ ಮಾಲೀಕರಾಗಿದ್ದರೆ ಈ ಭಾನುವಾರ ಬೇರೇನೂ ಮಾಡಬೇಡಿ. ಮೊಬೈಲ್ ಹಿಡಿದು ಕೆಳಗೆ ನುಗ್ಗಿ ಆ ಮೂರು ಕೋನಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮುಂದಿನ ಸಲ ಯಾರಾದರೂ ‘ಕ್ರಾಸ್ ಗಯಾ’ ಎಂದಾಗ ಆ ಚೀಟಿಯನ್ನು ಮುಂದಿಡಿ.